ಮೂಲೆಪ್ಪನ ಜಾತಿ

"ಪನ್ನಾಸಚ್ಯಾ ಆಧೀಚಾ ಪುರಾವಾ?" ಅಂದಳು ಪುಣೆಯ ಕಚೇರಿಯ ಕಿಟಕಿಯೊಳಗಿನ ಬಾಯಿ.

ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು. ನಮ್ಮಲ್ಲಿ ಬಾಯಿ ಅಂದರೆ ಬಾಯಿಯೇ. ಆ ಕಿಟಕಿಗೆ ಎರಡೂ ಹೊಂದುತ್ತಿದ್ದವು. ಸರಳಿನ ಹಿಂದೆ ಒಂದು ಕನ್ನಡಕ, ಅದರ ಕೆಳಗೆ ಒಂದು ಬಾಯಿ, ಆ ಬಾಯಿಯಲ್ಲಿ ಒಂದೇ ಪ್ರಶ್ನೆ. ಐವತ್ತನೇ ಇಸವಿಗಿಂತ ಮುಂಚೆ ನಿಮ್ಮ ಹಿರಿಯರು ಈ ಮಹಾರಾಷ್ಟ್ರದಲ್ಲಿ ಇದ್ದರು ಅನ್ನುವುದಕ್ಕೆ ಪುರಾವೆ ಏನು? ಇದ್ದರು ಅಂದರೆ ಸಾಲದು. ಮಾದಿಗರಾಗಿ ಇದ್ದರು ಅನ್ನುವುದಕ್ಕೆ ಪುರಾವೆ ಏನು?

ನನ್ನ ತಂಗಿ ದುರ್ಗಾಳಿಗೆ ನರ್ಸಿಂಗ್ ಸೀಟು ಬಂದಿತ್ತು. ಮೀಸಲು ಸೀಟು. ಇಸವಿ 2002. ಗಣಪತಿ ಕೂರುವುದರೊಳಗೆ ಜಾತಿ ಸರ್ಟಿಫಿಕೇಟು ಕೊಟ್ಟರೆ ಅವಳದು, ಇಲ್ಲದಿದ್ದರೆ ಪಾಳಿಯಲ್ಲಿ ಹಿಂದೆ ನಿಂತವಳದು. ಸುರಪುರದ ಕಡೆಯ ನಮ್ಮ ಹಳ್ಳಿಯಿಂದ ಒಂದು ಸರ್ಟಿಫಿಕೇಟು ಮಾಡಿಸಿಕೊಂಡು ಬಂದಿದ್ದೆವು. ಸಿಂಹದ ಮುದ್ರೆ, ತಹಶೀಲ್ದಾರರ ಸಹಿ, ಎಲ್ಲ ಇತ್ತು.

"ಹೇ ಇಥೇ ಚಾಲತ ನಾಹೀ," ಅಂದಳು ಬಾಯಿ. ಇದು ಇಲ್ಲಿ ನಡೆಯುವುದಿಲ್ಲ. ಹೇಳಿ ಹೇಳಿ ಅವಳೂ ದಣಿದಿದ್ದಳು. ಆಕಳಿಸಿದಳು.

ಜಾತಿ ಗಡಿ ದಾಟಿ ಬಂದಿತ್ತು, ಸರ್ಟಿಫಿಕೇಟು ದಾಟಲಿಲ್ಲ. ಅಪ್ಪ ಲಾಲಪ್ಪ ಗೋಡೆ ಕಟ್ಟುವ ಸೈಟಿನಲ್ಲಿ ಅವನ ಚಹಾದ ಗ್ಲಾಸನ್ನು ಬೇರೆ ಇಡುತ್ತಿದ್ದರು. ಅದಕ್ಕೆ ಯಾರೂ ಪುರಾವೆ ಕೇಳಿರಲಿಲ್ಲ. ಬಾಡಿಗೆಗೆ ಕೋಣೆ ಇಲ್ಲ ಅನ್ನುವಾಗ ಯಾವ ಮಾಲಕಿಯೂ ಇಸವಿ ಕೇಳಿರಲಿಲ್ಲ. ಬೈಯುವವರಿಗೆ ನಮ್ಮ ಜಾತಿ ಮುಖ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೊಡುವವರಿಗೆ ಮಾತ್ರ ಕಾಗದ ಬೇಕು.

ಜನನ ಮರಣದ ಕಚೇರಿಗೆ ಹೋದೆ. ಅಷ್ಟು ಹಳೆಯವು ಅರವತ್ತೊಂದರಲ್ಲಿ ಪಾನಶೇತದ ಒಡ್ಡು ಒಡೆದಾಗ ಹೊಳೆ ಪಾಲಾದವು ಅಂದರು. ಅವರ ಕಾಗದ ಹೊಳೆಗೆ ಹೋದರೆ ಇತಿಹಾಸ. ನಮ್ಮದು ಹೋದರೆ ನೆಪ.

ನಾನು ಅಪ್ಪಾಸಾಹೇಬ ಸಾವ್ಕಾರರ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಿ.ಕಾಂ. ಮುಗಿಸಿ ಸೀರೆ ಬಿಚ್ಚುವುದು, ಮತ್ತೆ ಮಡಚುವುದು. ಅವರ ತಂದೆ ಬಾಗಲಕೋಟೆ ಕಡೆಯಿಂದ ಬಂದು ರವಿವಾರ ಪೇಟೆಯಲ್ಲಿ ಮನೆ ಕಟ್ಟಿದವರು. ಮಳೆಗಾಲ ಮುಗಿದ ಮೇಲೆ ಆ ಮನೆಯ ಹಂಚು, ಗಿಲಾವು ಸರಿಮಾಡುವುದು ನನ್ನ ಅಪ್ಪನ ಕೆಲಸ. ಹಾಗೆ ನನಗೆ ಆ ಅಂಗಡಿ ಸಿಕ್ಕಿತು. ಸಾವ್ಕಾರರು ಆಗಷ್ಟೇ ತಮ್ಮ ಮನೆತನದ ಇತಿಹಾಸವನ್ನು ಪುಸ್ತಕ ಮಾಡಿದ್ದರು. ಅವರು ಹೇಳಿದರು, ನಾನು ಬರೆದೆ, ಕಾಗುಣಿತ ತಿದ್ದಿದೆ. ಪುಸ್ತಕ ಬಂದ ಮೇಲೆ ಪುಣೆಯ ಕನ್ನಡಿಗರ ಒಂದು ಕೂಟದಲ್ಲಿ ಅವರ ಭಾಷಣ ಇತ್ತು: ನಿಮ್ಮ ವಂಶದ ಮೂಲ ಹುಡುಕುವುದು ಹೇಗೆ.

ಅವರ ದನಿ ನನಗೆ ಬರುತ್ತದೆ. ಮೂಗಿನಲ್ಲಿ ಹುಟ್ಟಿ ಹೊಟ್ಟೆಯಲ್ಲಿ ಮುಗಿಯುವ ದನಿ. ನಡುವೆ ಗಂಟಲು ಸುಮ್ಮನೆ ಸಾಕ್ಷಿ.

"ಮನಶ್ಯಾಗ ತನ್ನ ಮೂಲ ಗೊತ್ತಿರಬೇಕ್ರಿ. ಭಾಳ ಸರಳ ಅದ. ನಿಮ್ಮ ಮನಿ ಹೆಳವ ಇರ್ತಾನ, ಎತ್ತಿನ ಮ್ಯಾಲ ಬರ್ತಾನ, ಬಾಗಲದಾಗ ನಿಂತು ನಿಮ್ಮ ತಲಿತಲಿಮಾರಿನ ಹೆಸರು ಹೇಳ್ತಾನ. ಕೇಳ್ರಿ ಅವನ್ನ! ಹಿರ್ಯಾರ ಗದ್ದಿಗಿಗೆ ಹೋಗ್ರಿ. ಹೊಲದ ಕಾಗದ ತಗಸ್ರಿ. ಜಾತಕ ನೋಡ್ರಿ. ಪಡಸಾಲಿ ಗ್ವಾಡಿ ಮ್ಯಾಲ ಫೋಟೋ ಇರ್ತಾವ, ಹಿಂದ ತಿರುವಿ ನೋಡ್ರಿ, ಇಸವಿ ಬರದಿರ್ತಾರ. ಇಷ್ಟಿದ್ದೂ ಮೂಲ ಸಿಗಲಿಲ್ಲ ಅಂದ್ರ ನೀವ ಮೈಗಳ್ಳರು!"

ಜನ ನಕ್ಕರು. ನಾನು ಹಿಂದೆ ಕುರ್ಚಿ ಹಾಕುತ್ತ ಒಂದೊಂದನ್ನೂ ನಮ್ಮ ಮನೆಗೆ ಹಚ್ಚಿ ನೋಡಿದೆ. ಹೆಳವನ ಎತ್ತು ಊರಬಾಗಿಲ ಅಗಸಿಯಿಂದ ಗೌಡರ ಓಣಿಗೆ ಹೋಗುತ್ತಿತ್ತು, ನಮ್ಮ ಕೇರಿಯ ಕಡೆ ಅದು ಮುಖವನ್ನೂ ತಿರುಗಿಸುತ್ತಿರಲಿಲ್ಲ. ಹಿರಿಯರಿಗೆ ಗದ್ದುಗೆ ಇಲ್ಲ, ಕುಣಿ. ಹೊಲ ಮಂದಿಯದು. ಜಾತಕ ಬರೆಯಲು ಯಾರೂ ಬರಲಿಲ್ಲ. ನಾನು ಹುಟ್ಟಿದ ಹೊತ್ತು ಅವ್ವ ಬದುಕಿದ್ದಾಗ ಹೇಳುತ್ತಿದ್ದ ಪ್ರಕಾರ ಮೂರನೇ ಮಾಳಿಗೆಗೆ ಇಟ್ಟಿಗೆ ಏರಿಸುವ ಹೊತ್ತು. ಇನ್ನು ಫೋಟೋ. ಗೋಡೆ ಕಟ್ಟುವವರು ನಾವು, ಅದಕ್ಕೆ ಫೋಟೋ ತೂಗುಹಾಕುವವರು ಅವರು.

ಭಾಷಣ ಮುಗಿದ ಮೇಲೆ ಕೇಳಿದೆ, "ನಮ್ಮಂಥೋರಿಗೆ ಯಾವ ದಾರಿ ಅದ್ರಿ ಸಾವ್ಕಾರ್ರ?"

"ಏ ಪ್ರೇಮ್ಯಾ, ನಿಮ್ಮ ಆಯಿ ಇನ್ನೂ ಗಟ್ಟಿ ಅದಾಳಲ್ಲೋ. ಆಕಿನ್ನ ಮಾತಾಡಸು. ಅಂಥವರು ನಡದಾಡೂ ಪುಸ್ತಕ ಇದ್ದಂಗ."

ಆ ಸಲಹೆ ಮಾತ್ರ ಖರೆ ಇತ್ತು. ಅದರ ಬೆಲೆ ಅವರಿಗೆ ಗೊತ್ತಿರಲಿಲ್ಲ.

ಆಯಿ ಅಂದರೆ ಅಪ್ಪನ ತಾಯಿ, ಮಾನಮ್ಮ. ಎಪ್ಪತ್ತು ದಾಟಿದವಳು. ಬುಟ್ಟಿ ಹೊತ್ತು ಹೊತ್ತು ಅವಳ ನೆತ್ತಿಯಲ್ಲಿ ಒಂದು ಬಟ್ಟಲಿನಷ್ಟು ಕೂದಲು ಇಲ್ಲ. ಕುತ್ತಿಗೆ ಒಂದು ಕಡೆ ತಿರುಗುವುದಿಲ್ಲ. ಅವಳ ಮುಂದೆ ಕೂತು ಕೇಳಿದೆ.

"ಆಯಿ, ನಿನ್ನ ಮಾವನ ಹೆಸರೇನು? ಎಲ್ಲಿ ದುಡೀತಿದ್ದ?"

"ಸತ್ತೋರ ಹೆಸರು ಸುಮ್ಸುಮ್ನ ಹೇಳಬಾರ್ದೋ. ಹೆಣದ ಮುಂದ ಕುಂತಾಗ ಹೇಳಬೇಕು."

"ಈಗ ಹೆಣ ಎಲ್ಲಿಂದ ತರ್ಲಿ?"

"ನಾ ಸಾಯೂತನ ತಡಿ."

"ನೀ ಸತ್ರ ಹೇಳೋರು ಯಾರು?"

"ಅದ ಅಲ್ಲೇನು ಮತ್ತ," ಅಂದು ಎಲೆಗೆ ಸುಣ್ಣ ಹಚ್ಚಿದಳು.

ನಾನು ಕಿಟಕಿಯ ಬಾಯಿಯ ಹಾಗೆ ಮೂಗಿನ ಮೇಲೆ ಕನ್ನಡಕ ಇಳಿಸಿ "ಪುರಾವಾ? ಪುರಾವಾ?" ಅಂದೆ. ಆಯಿ ನಕ್ಕಳು. ಹೆಸರು ಬರಲಿಲ್ಲ. ದುರ್ಗಾ ಮೂಲೆಯಲ್ಲಿ ಕೂತು ಪರೀಕ್ಷೆಯ ಅಂಕಪಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದಳು. ಅವಳು ನಗಲಿಲ್ಲ.

ಆಷಾಢದಲ್ಲಿ ನಮ್ಮ ಗುಡಿಸಲ ಸಾಲಿನ ನರ್ಮದಾ ಸತ್ತಳು. ಮಳೆಗೆ ಗೋಡೆಗೆ ಕಟ್ಟಿದ ಪರಾಂಚಿಯ ಬಿದಿರು ಜಾರಿತು, ಇಟ್ಟಿಗೆಯ ಬುಟ್ಟಿಯ ಜೊತೆ ಅವಳೂ ಕೆಳಗೆ ಬಂದಳು. ಗುತ್ತಿಗೆದಾರ ಬರಲಿಲ್ಲ. ತಗಡಿನ ಗುಡಿಸಲ ಮುಂದೆ ಹೆಣ ಕೂಡಿಸಿದರು. ಹೆಂಗಸರು ಸುತ್ತ ಕೂತರು.

ನಮ್ಮಲ್ಲಿ ಅಳುವುದೆಂದರೆ ಸತ್ತವಳೊಬ್ಬಳಿಗಾಗಿ ಅಳುವುದಲ್ಲ. ಸತ್ತವಳು ಹೋಗುವ ಕಡೆ ನಮ್ಮವರೂ ಇದ್ದಾರೆ. ಒಬ್ಬೊಬ್ಬಳೂ ತನ್ನ ತನ್ನ ಸತ್ತವರಿಗೆ ಅವಳ ಕೈಯಲ್ಲಿ ಮಾತು ಕೊಟ್ಟು ಕಳಿಸುತ್ತಾಳೆ, ಹಾಡಿಕೊಂಡು, ಹೆಸರು ಹಿಡಿದು. ಆಯಿಯ ಪಾಳಿ ಬಂತು. ಅವಳು ನರ್ಮದಾಳ ಗಲ್ಲ ಹಿಡಿದು ದನಿ ತೆಗೆದಳು.

"ಹೋಗವ್ವ ನರಮದಾ, ಹೋದಲ್ಲಿ ನಮ್ಮಾವನ ಕೇಳವ್ವಾ
ಮಾದರ ಮರೆಪ್ಪ, ಗಾರಿ ಬುಟ್ಟಿ ಹೊತ್ತ ಮರೆಪ್ಪ ಉಂಡಾನೇನಂತ ಕೇಳವ್ವಾ
ರವಿವಾರ ಪ್ಯಾಟ್ಯಾಗ ಸಾವ್ಕಾರನ ಹೊಸಾ ಮನಿ ಗ್ವಾಡಿ
ಬಾಯಿ ತೆರದು ನುಂಗಿತಲ್ಲೋ ನಮ್ಮಪ್ಪಾ..."

ನಾನು ಮಳೆಯಲ್ಲಿ ನಿಂತಿದ್ದೆ. ರವಿವಾರ ಪೇಟೆಯಲ್ಲಿ ನಮಗೆ ಗೊತ್ತಿದ್ದ ಸಾವ್ಕಾರನ ಮನೆ ಒಂದೇ.

ಮಣ್ಣು ಕೊಟ್ಟು ಬಂದ ಮೇಲೆ ಆಯಿ ತಾನೇ ಬಾಯಿಬಿಟ್ಟಳು. ಒಮ್ಮೆ ಬಿಚ್ಚಿದ ಗಂಟು, ಮತ್ತೆ ಕಟ್ಟಲಿಲ್ಲ. ಆಗ ಅವಳು ಹೊಸದಾಗಿ ಮದುವೆಯಾದ ಹುಡುಗಿ. ರಜಾಕಾರರ ಗದ್ದಲ ಶುರುವಾಗುವುದಕ್ಕಿಂತ ಮುಂಚೆ. ಮಾವ ಗಾರೆ ಹೊರುತ್ತಿದ್ದ, ಅವಳು ನೀರು. ಮಳೆಯಲ್ಲಿ ಕೆಲಸ ನಿಲ್ಲಿಸಿರಿ ಅಂದರೆ ಆಗಿನ ಸಾವ್ಕಾರ ಕೇಳಲಿಲ್ಲ, ಮುಹೂರ್ತ ಹತ್ತಿರ ಬಂದಿತ್ತು. ಈಶಾನ್ಯದ ಮೂಲೆ ಕುಸಿಯಿತು. ಒಂದು ಕಲ್ಲು ಎದೆಯ ಮೇಲೆ ಕೂತಿತು.

"ಹೊಳಿ ದಂಡ್ಯಾಗ ಹುಗದ್ವಿ. ಆ ಕುಣಿನೂ ಆಮ್ಯಾಲ ಪಾನಶೇತದ ನೀರಾಗ ಹೋತು. ಕಲ್ಲು ಮಾತ್ರ ಅವರು ಬಿಡಲಿಲ್ಲ. ತೊಳದ್ರು. ಅದ ಮೂಲ್ಯಾಗ ಇಟ್ಟು ಕುಂಕುಮ ಹಚ್ಚಿದ್ರು. ಗ್ವಾಡಿ ನಿಂತಿತು, ಅದಕ್ಕ ದೇವರಾತು."

"ಅಪ್ಪಗ ಯಾಕ ಹೇಳಲಿಲ್ಲ?"

"ಹೇಳಿದ್ರ ಆ ಮನಿ ಕೆಲಸಕ್ಕ ಹೋಗ್ತಿದ್ನೇನು? ಹೋಗದಿದ್ರ ನೀವು ಉಣ್ತಿದ್ರೇನು?"

ಅಪ್ಪ ಹೊರಗೆ ಮಳೆಯಲ್ಲಿ ಗುದ್ದಲಿ ತೊಳೆಯುತ್ತಿದ್ದ. ಕೇಳಿಸಿತು. ತೊಳೆಯುವುದನ್ನು ನಿಲ್ಲಿಸಲಿಲ್ಲ.

ಆ ಕಲ್ಲು ನನಗೆ ಗೊತ್ತಿತ್ತು. ಅದರ ಹೆಸರು ಮೂಲೆಪ್ಪ. ಪುಸ್ತಕದಲ್ಲಿ ನಾನೇ ಬರೆದ ವಾಕ್ಯ ಅದು: "1946ರಲ್ಲಿ ಗೃಹನಿರ್ಮಾಣದ ಕಾಲಕ್ಕೆ ಈಶಾನ್ಯದ ಮೂಲೆ ನಿಲ್ಲದಿದ್ದಾಗ ಒಬ್ಬ ಪುಣ್ಯಾತ್ಮನು ತನ್ನ ಪ್ರಾಣವನ್ನು ಸಮರ್ಪಿಸಿದನು. ಅಂದಿನಿಂದ ಆತನೇ ನಮ್ಮ ಮೂಲೆಪ್ಪ." ಸಮರ್ಪಿಸಿದನಂತೆ. ಆ ಶಬ್ದದ ಒತ್ತಕ್ಷರ ತಿದ್ದಿದವನೂ ನಾನೇ. ಪ್ರತಿ ನಾಗರ ಅಮಾವಾಸ್ಯೆಗೆ ಆ ಮನೆಯಲ್ಲಿ ಮಡಿಯಿಂದ ಹೋಳಿಗೆ ಮಾಡಿ ಮೊದಲ ಎಡೆ ಮೂಲೆಪ್ಪನಿಗೆ ಹಿಡಿಯುತ್ತಾರೆ. ಆ ಎಡೆಯ ತುತ್ತು ಬಾಯಿಗೆ ಬಿದ್ದ ಮೇಲೆಯೇ ಉಳಿದವರ ಊಟ. ಬಾರಾಮತಿಯಿಂದ, ತಳೇಗಾಂವದಿಂದ ಬೀಗರು ಬಂದು ಸಾಲಾಗಿ ಕೂರುತ್ತಾರೆ.

ಕಿಟಕಿಗೆ ಮತ್ತೆ ಹೋದೆ. ಮನೆಯ ಮಾಲಕ ಸ್ಟ್ಯಾಂಪ್ ಕಾಗದದ ಮೇಲೆ ಬರೆದುಕೊಟ್ಟರೆ? ಇಂಥಿಂಥವನು, ಇಂಥ ಜಾತಿಯವನು, ಇಂಥ ಇಸವಿಯಲ್ಲಿ ನಮ್ಮ ಮನೆ ಕಟ್ಟುವಾಗ ಸತ್ತ ಅಂತ?

"ಬಘೂ," ಅಂದಳು ಬಾಯಿ. ನೋಡೋಣ. ಪುಣೆಯ ಕಚೇರಿಗಳಲ್ಲಿ ಬಡವನಿಗೆ ಸಿಗುವ ಅತಿ ದೊಡ್ಡ ಆಶೀರ್ವಾದ ಅದು.

ಸಾವ್ಕಾರರ ಮನೆಗೆ ಹೋಗಿ ಹೇಳಿದಾಗ ಮೊದಲು ಅವರ ಕಣ್ಣಲ್ಲಿ ನೀರು ಬಂತು. ಎದ್ದು ನಿಂತು ನನ್ನ ಎರಡೂ ಕೈ ಹಿಡಿದರು.

"ಅಂದ್ರ ನಮ್ಮ ಮೂಲೆಪ್ಪ ನಿಮ್ಮ ಮುತ್ಯಾನೇನೋ! ಎಂಥಾ ಋಣಾನುಬಂಧ! ಎರಡನೇ ಮುದ್ರಣದಾಗ ಹಾಕೂಣು. ಅವನ ಹೆಸರು ಹಾಕೂಣು."

"ಅದನ್ನ ಒಂದು ಸ್ಟ್ಯಾಂಪ್ ಕಾಗದದ ಮ್ಯಾಲ ಬರಕೊಡ್ರಿ. ಮರೆಪ್ಪ, ಜಾತಿ ಮಾದಿಗ."

ಕೈ ಬಿಟ್ಟರು. ಬಿಟ್ಟ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಧೋತರಕ್ಕೆ ಒರೆಸಿಕೊಂಡರು. ಒಳಗಿಂದ ಅವರ ಹೆಂಡತಿ ಭೀಮವ್ವ ಬಾಗಿಲವರೆಗೆ ಬಂದು ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ನಮ್ಮತ್ತಿ ನೀರ ಸುದ್ದಾ ಕುಡೀದ ಅವನ ಎಡಿ ಮಾಡ್ತಿದ್ರು," ಅಂದಳು. "ಇಷ್ಟು ವರ್ಷ ಅದನ್ನ ಉಂಡೀವಲ್ಲ್ರೀ. ಮಕ್ಕಳಿಗೆ ಉಣಿಸೀವಲ್ಲ್ರೀ."

"ಪುಣ್ಯಾತ್ಮಗ ಜಾತಿ ಎಲ್ಲಿದೋ ಪ್ರೇಮ್ಯಾ?" ಅಂದರು ಸಾವ್ಕಾರರು. ದನಿ ಈ ಸಲ ಹೊಟ್ಟೆಯವರೆಗೆ ಇಳಿಯಲಿಲ್ಲ. "ಒಬ್ಬ ಕೂಲಿಕಾರ ಅಂತ ಬರೀತೀನಿ. ದೇವರಾಣಿ ಬರೀತೀನಿ."

"ಕೂಲಿಗೆ ಸೀಟು ಕೊಡೂದಿಲ್ರಿ. ಕೂಲಿ ಕೊಡ್ತಾರ."

"ನಿನ್ನ ನಾಲಿಗಿ ಉದ್ದ ಆತು."

ಮನೆಗೆ ಬಂದು ಹೇಳಿದೆ. ದುರ್ಗಾ ಬೆಳಗಿನಿಂದ ಇನ್ನೊಂದು ಕಚೇರಿಯ ಪಾಳಿಯಲ್ಲಿ ನಿಂತು ಬಂದಿದ್ದಳು, ಕಾಲು ಬಾತಿದ್ದವು. ಬಿಸಿನೀರಿನಲ್ಲಿ ಕಾಲಿಟ್ಟು ಕೂತಳು. ಆಯಿ ಕೇಳಿದಳು, "ಅಮಾಸಿ ಯಾವಾಗ?"

"ನಾಳಿಗಿ."

"ನಡೀರಿ ಹಂಗಾರ. ಮುತ್ಯಾನ ಎಡಿ ಅದ."

ಅಮಾವಾಸ್ಯೆಯ ದಿನ ಅಪ್ಪ ಸೈಟಿನಿಂದ ನೇರ ಬಂದ. ಹೆಗಲ ಚೀಲದಲ್ಲಿ ಗಾರೆ ಮೆತ್ತುವ ಥಾಪಿ, ಸುತ್ತಿಗೆ, ಹಾರೆ. ಮೈಮೇಲೆ ಸಿಮೆಂಟು ಒಣಗಿ ಬಿರುಕು ಬಿಟ್ಟಿತ್ತು. ಹಂಚು ಹೊದಿಸಲು ಅವನು ಯಾವಾಗಲೂ ಹಿಂದಿನ ಓಣಿಯಿಂದ ಏಣಿ ಹಚ್ಚುತ್ತಿದ್ದ. ಅವತ್ತು ನಾಲ್ವರೂ ಮುಂದಿನ ಬಾಗಿಲಿನಿಂದ ಹೋದೆವು.

ಪಡಸಾಲೆಯ ತುಂಬ ಜನ. ಎಲೆ ಹಾಕಿದ್ದರು. ಮೂಲೆಯಲ್ಲಿ ಮೊಣಕಾಲೆತ್ತರದ ಕರಿಕಲ್ಲು. ಬೆಳ್ಳಿಯ ಕಣ್ಣು ಹಚ್ಚಿದ್ದರು. ಆಯಿ ಯಾರನ್ನೂ ನೋಡಲಿಲ್ಲ. ಹೋಗಿ ಕಲ್ಲಿನ ಮುಂದೆ ಕಾಲು ಚಾಚಿ ಕೂತಳು. ಅದರ ಗಲ್ಲ ಹುಡುಕಿದಳು. ಗಲ್ಲ ಸಿಗಲಿಲ್ಲ, ನೆತ್ತಿ ಹಿಡಿದಳು. ದನಿ ತೆಗೆದಳು.

ಅವನ ಹೆಸರು ಹೇಳಿದಳು. ಅವನ ತಾಯಿಯ ಹೆಸರು, ಊರು, ಕೇರಿ ಹೇಳಿದಳು. ಹೆಗಲ ಮೇಲಿನ ಗಾಯ ಹೇಳಿದಳು. ನಡುವೆ ಎರಡು ಹೆಸರು ಅದಲುಬದಲಾದವು, ತಾನೇ ತಿದ್ದಿಕೊಂಡಳು. ಪ್ರತಿ ಸಾಲಿನ ಕೊನೆಗೆ ಮಾದರ ಮರೆಪ್ಪ, ಮಾದರ ಮರೆಪ್ಪ. ಅಷ್ಟು ಬಿಡಿಸಿ ಹೇಳಿದ ಮೇಲೆ ಆ ಮನೆಯ ಮರಾಠಿ ಸೊಸೆಯರಿಗೂ ತಿಳಿಯಿತು.

ಬಾರಾಮತಿಯ ಬೀಗರೊಬ್ಬರು ಎಡೆಯ ಹೋಳಿಗೆಯ ತುತ್ತನ್ನು ಬಾಯಿಯಲ್ಲಿಟ್ಟಿದ್ದರು. ಅಗಿಯುವುದು ನಿಂತಿತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡು ಎದ್ದು ಬಚ್ಚಲ ಕಡೆ ಓಡಿದರು. ಬೇರೆ ದಿನವಾಗಿದ್ದರೆ ಆ ಮುಖವನ್ನು ನಾನು ವಾರಗಟ್ಟಲೆ ಮಾಡಿ ತೋರಿಸುತ್ತಿದ್ದೆ.

ಸಾವ್ಕಾರರು ನನ್ನನ್ನೂ ದುರ್ಗಾಳನ್ನೂ ಒಳಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಕಪಾಟಿನಿಂದ ಸ್ಟ್ಯಾಂಪ್ ಕಾಗದ ತೆಗೆದರು. ತರಿಸಿಟ್ಟಿದ್ದರು ಅಂತಾಯಿತು. ಪೆನ್ನಿನ ಟೊಪ್ಪಿಗೆ ತೆಗೆದರು.

"ಬರೀತೀನವ್ವ ದುರ್ಗಾ. ಮರೆಪ್ಪ ಅಂತ ಬರೀತೀನಿ. ಮಾದಿಗ ಅಂತನ ಬರೀತೀನಿ. ಸಹಿ ಮಾಡ್ತೀನಿ. ನಿನ್ನ ಸೀಟು ನಿನಗ. ಆದ್ರ ನೀ ಹೊರಗ ಹೋಗಿ ಮಂದಿಗೆ ಒಂದ ಮಾತು ಹೇಳು. ಮುದುಕಿಗೆ ತಲಿ ಸರಿ ಇಲ್ಲ, ಮನಿ ತಪ್ಪಿ ಬಂದಾಳ ಅಂತ. ಅಷ್ಟ."

ದುರ್ಗಾ ಕಾಗದ ನೋಡಿದಳು. ನೋಡುತ್ತಲೇ ಇದ್ದಳು. ನಾನು ಅವಳ ಮುಖ ನೋಡಲಿಲ್ಲ. ಹೇಳಿಬಿಡು ಅಂತ ನನ್ನ ಗಂಟಲಲ್ಲೇ ಇತ್ತು. ಹೇಳಬೇಡ ಅಂತಲೂ ಅಲ್ಲೇ ಇತ್ತು. ಹೊರಗೆ ಆಯಿಯ ದನಿ ಒಡೆದಿತ್ತು, ಆದರೂ ನಿಂತಿರಲಿಲ್ಲ.

"ನೀವು ಬರದಿದ್ದನ್ನ ಹೊರಗ ಮಂದಿ ಮುಂದ ಓದ್ತೀರೇನ್ರಿ?" ಅಂದಳು.

ಸಾವ್ಕಾರರು ಪೆನ್ನನ್ನು ಕಾಗದದಿಂದ ಎತ್ತಿದರು.

"ಒಳಗ ಮಾದಿಗ, ಹೊರಗ ಪುಣ್ಯಾತ್ಮ. ಎಷ್ಟಂತ ದಣೀಬೇಕ್ರಿ ನಮ್ಮ ಮುತ್ಯಾ?"

"ಹುಚ್ಚು ಹುಡುಗಿ, ನಿನ್ನ ಜಲ್ಮದ ಪ್ರಶ್ನಾ ಅದ ಇದು."

"ಹೌದ್ರಿ. ಅದಕ್ಕ ಬ್ಯಾಡ್ರಿ."

ಬಾಗಿಲು ತೆರೆದು ಹೊರಗೆ ಬಂದಳು. ಅಪ್ಪ ಕಂಬದ ಪಕ್ಕ ನಿಂತಿದ್ದ. ಅವನಿಗೆ ಅಭ್ಯಾಸ, ಒಳಗೆ ಬಂದರೂ ಗೋಡೆಯಿಂದ ಗೇಣು ದೂರ ನಿಲ್ಲುವುದು.

"ಅಪ್ಪಾ, ಹಾರಿ ತಗಿ."

ಅಪ್ಪ ಅವಳನ್ನು ನೋಡಿದ. ಆಯಿಯನ್ನು ನೋಡಿದ. ಚೀಲ ಕೆಳಗಿಟ್ಟ. ಬೆಳ್ಳಿಯ ಕಣ್ಣು ಎರಡನ್ನೂ ಉಗುರಿನಿಂದ ಬಿಡಿಸಿ ಭೀಮವ್ವನ ಮುಂದಿನ ತಾಟಿನಲ್ಲಿಟ್ಟ. ಆಮೇಲೆ ಕಲ್ಲಿನ ಬುಡಕ್ಕೆ ಹಾರೆಯ ಮೊನೆ ಕೊಟ್ಟ. ಹಳೆಯ ಗಚ್ಚು. ಮೊದಲ ಪೆಟ್ಟಿಗೆ ಕಿಡಿ ಬಂತು. ಎರಡನೆಯದಕ್ಕೆ ಪುಡಿ ಉದುರಿತು. ಅಪ್ಪ ಮೈಭಾರವನ್ನೆಲ್ಲ ಹಾರೆಯ ಮೇಲೆ ಬಿಟ್ಟ. ಕುತ್ತಿಗೆಯ ನರ ಉಬ್ಬಿದವು. ಬೆವರಿಗೆ ಸಿಮೆಂಟು ಕರಗಿ ಬೆನ್ನ ಮೇಲೆ ಬೂದು ಗೆರೆಯಾಗಿ ಇಳಿಯಿತು. ನಾನು ಹೋಗಿ ಹಾರೆಗೆ ಕೈ ಕೊಟ್ಟೆ. ಸೀರೆ ಮಡಚಿದ ಕೈ. ಒಂದೇ ಒತ್ತಿಗೆ ಚರ್ಮ ಸುಲಿಯಿತು.

ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ನಮ್ಮನ್ನು ಮುಟ್ಟಬೇಕಿತ್ತು. ಅವರೆಲ್ಲ ಹಬ್ಬದ ಮಡಿಯಲ್ಲಿದ್ದರು.

"ಲಾಲ್ಯಾ, ನಿನ್ನ ಕಾಲಿಗೆ ಬೀಳ್ತೀನಿ," ಅಂದಳು ಭೀಮವ್ವ, ಬೀಳದೆ. "ಮೂಲೆಪ್ಪ ಹೋದ್ರ ಈ ಮನಿ ಉಳಿಯೂದಿಲ್ಲೋ."

ಅಪ್ಪ ಹಾರೆ ನಿಲ್ಲಿಸಿ ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿದ.

"ಏನೂ ಆಗೂದಿಲ್ಲ ತಾಯಿ. ಗ್ವಾಡಿ ಗಟ್ಟಿ ಅದ. ನಮ್ಮವ್ರ ಕಟ್ಟ್ಯಾರ."

ಕಲ್ಲು ಅಲುಗಿತು. ಹೊರಳಿತು. ಕೆಳಗಿನ ಮುಖಕ್ಕೆ ಇನ್ನೂ ಹಳೆಯ ಮಣ್ಣು ಅಂಟಿತ್ತು. ಅಪ್ಪ ಟವೆಲ್ಲು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟ. ನಾವು ಮೂವರೂ ಸೇರಿ ಎತ್ತಿ ಹೊರಿಸಿದೆವು. ಸಾವ್ಕಾರರು ಒಳಕೋಣೆಯ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಟೊಪ್ಪಿಗೆ ತೆಗೆದ ಪೆನ್ನು.

"ನಾಳಿಯಿಂದ ಅಂಗಡಿಗೆ ಬರಬ್ಯಾಡ," ಅಂದರು ನನಗೆ.

"ಇಲ್ರಿ," ಅಂದೆ.

ಹೊರಗೆ ಮಳೆ ಹಿಡಿದಿತ್ತು. ಬಸ್‌ಸ್ಟಾಪಿನ ತಗಡಿನ ಕೆಳಗೆ ನಿಂತೆವು. ಗೆದ್ದ ಹಾಗೇನೂ ಅನ್ನಿಸಲಿಲ್ಲ. ಸೀಟು ಹೋಯಿತು ಅಂತ ನಾಲ್ವರಿಗೂ ಗೊತ್ತಿತ್ತು. ನನ್ನ ಕೆಲಸ ಹೋಯಿತು, ಅಪ್ಪನ ಒಂದು ಮನೆ ಹೋಯಿತು. ನಗಿಸೋಣ ಅಂತ ಮೂಗಿನಲ್ಲಿ ದನಿ ತೆಗೆದೆ: "ಮನಶ್ಯಾಗ ಮೂಲ ಗೊತ್ತಿರಬೇಕ್ರಿ..." ಯಾರೂ ನಗಲಿಲ್ಲ.

"ಬರೂ ವರ್ಷ ಮತ್ತ ಅರ್ಜಿ ಹಾಕ್ತೀನಿ," ಅಂದಳು ದುರ್ಗಾ, ಯಾರಿಗೂ ಅಲ್ಲ. "ಮೀಸಲು ಸೀಟಿಗಲ್ಲ, ಎಲ್ಲಾರ ಸಾಲಿನ್ಯಾಗ ನಿಂತು ಹಾಕ್ತೀನಿ."

ಬಸ್ಸು ಬಂತು. ಅಪ್ಪ ಬಗ್ಗಿ ಹತ್ತಿದ. ಹಿಂದಿನ ಉದ್ದ ಸೀಟಿನಲ್ಲಿ ಕಲ್ಲನ್ನು ಇಳಿಸಿದೆವು. ಅದಕ್ಕೆ ಒಂದು ಕಡೆ ಆಯಿ ಕೂತಳು, ಇನ್ನೊಂದು ಕಡೆ ದುರ್ಗಾ. ಅಲುಗಾಡದಂತೆ ಇಬ್ಬರೂ ಹೆಗಲು ಕೊಟ್ಟರು.

ಕಂಡಕ್ಟರ್ ಚೀಲ ಅಲ್ಲಾಡಿಸುತ್ತ ಬಂದ. ಅವನದೂ ದಿನ ಮುಗಿಯಲು ಬಂದಿತ್ತು. "ಕಿತೀ ಜಣ?" ಎಷ್ಟು ಜನ?

"ಪಾಚ," ಅಂದಳು ದುರ್ಗಾ. ಐದು.

ಅವನು ನಮ್ಮ ತಲೆ ಎಣಿಸಿದ. ಮತ್ತೆ ಎಣಿಸಿದ.

"ಪಾಚವಾ ಕುಠೇ?" ಐದನೆಯವರು ಎಲ್ಲಿ?

ದುರ್ಗಾ ಕಲ್ಲಿನ ಮೇಲೆ ಕೈ ಇಟ್ಟಳು. ಅವನು ಕಲ್ಲು ನೋಡಿದ, ಅದರ ಒದ್ದೆ ಕುಂಕುಮ ನೋಡಿದ, ಅಪ್ಪನ ತಲೆಯಿಂದ ಕಿವಿಯ ಹಿಂದೆ ಇಳಿಯುತ್ತಿದ್ದ ರಕ್ತ ನೋಡಿದ. ಸಾಮಾನಿಗೆ ಬೇರೆ ದರ, ಅದು ಅರ್ಧ, ಅಂತ ಏನೋ ಹೇಳಲು ಹೊರಟ.

"ಸಾಮಾನ ನಾಹೀ," ಅಂದಳು ದುರ್ಗಾ. "ಮಾಣೂಸ ಆಹೇ. ಪೂರಾ ತಿಕೀಟ ದ್ಯಾ." ಸಾಮಾನಲ್ಲ, ಮನುಷ್ಯ. ಪೂರ್ತಿ ಟಿಕೆಟ್ಟು ಕೊಡಿ.

ಅವನು ಐದು ಹರಿದು ಕೊಟ್ಟ.